ಕಟ್ಟಿದ ಮನೆಯನ್ನು ಕಾಪಾಡಿ ನೋಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು, ‘ಕಟ್ಟಿದ ಮನೆಯನ್ನು ಕಾಪಾಡಿ ನೋಡು’ ಎಂದು ಏಕೆ ಸೇರಿಸಲಿಲ್ಲ? ಈ ದೇಶಕ್ಕೆ ಬಂದ ಮೇಲೆ ನನಗೆ ಇದರ ಉತ್ತರ ಹೊಳೆಯಿತು. ಊರಿನಲ್ಲಿ ಆ ಕೆಲಸಕ್ಕೆ ಬೇರೆಯವರಿದ್ದರು. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವವನು, ಗೋಡೆ ಬಿರುಕು ಬಿಟ್ಟರೆ ಗಾರೆಯವನು, ಬಾಗಿಲು ಉಬ್ಬಿಕೊಂಡರೆ ಬಡಗಿ, ಎಲ್ಲರೂ ಹೇಳಿ ಕಳುಹಿಸಿದರೆ ಬರುತ್ತಿದ್ದರು. ಅವರ ವಿದ್ಯೆ ಅವರ ಕೈಯಲ್ಲಿಯೇ ಇತ್ತು. ಅದನ್ನು ಕೇಳಿ ತಿಳಿಯಬೇಕೆಂದು ನಮಗೆ ಅನ್ನಿಸಲೇ ಇಲ್ಲ. ಉಪಾಧ್ಯಾಯರಾಗಿದ್ದ ನನ್ನ ತಂದೆಯವರು ಸುತ್ತಿಗೆ ಹಿಡಿದುದನ್ನು ನಾನು ಕಂಡಿಲ್ಲ.

1997ರ ಚಳಿಗಾಲದಲ್ಲಿ, ಒಹಾಯೋದ ನಮ್ಮ ಮನೆಯ ನೆಲಮಾಳಿಗೆಯಲ್ಲಿ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯಿತು. ಯಜಮಾನರು ಪರಸ್ಥಳಕ್ಕೆ ಹೋಗಿದ್ದರು. ಕೊಳಾಯಿ ಕೆಲಸದವನು ಮರುದಿನವಲ್ಲದೆ ಬರಲಾಗದೆಂದನು. ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಪಕ್ಕದ ಮನೆಯ ವೃದ್ಧೆಯ ಬಾಗಿಲು ತಟ್ಟಿದೆ. ಆಕೆ ಟಾರ್ಚು ಹಿಡಿದು ಬಂದು, ನೀರು ಮನೆಯನ್ನು ಪ್ರವೇಶಿಸುವೆಡೆಯಲ್ಲಿದ್ದ ಮುಖ್ಯ ಕವಾಟವನ್ನು ತೋರಿಸಿ, ನನ್ನ ಕೈಯಿಂದಲೇ ಅದನ್ನು ತಿರುಗಿಸಿ ಮುಚ್ಚಿಸಿದಳು. ಮರುದಿನ ಹಾರ್ಡ್‌ವೇರ್ ಅಂಗಡಿಯ ಮುದುಕ, ಕೊಳವೆ ತಾಮ್ರದ್ದೋ ಕಬ್ಬಿಣದ್ದೋ, ಅರ್ಧ ಇಂಚಿನದೋ ಮುಕ್ಕಾಲು ಇಂಚಿನದೋ ಎಂದು ಕೇಳಿದನು. ನಾನು ನಿರುತ್ತರಳಾದೆ. ಪ್ರಶ್ನೆ ಕೇಳುವುದಕ್ಕೂ ವಿದ್ಯೆ ಬೇಕೆಂಬುದು ಅಂದು ತಿಳಿಯಿತು. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದಿ ಬಿ.ಎ. ಮಾಡಿದವಳಾದುದರಿಂದ, ಈ ದೇಶದ ಸಾಮಾನ್ಯ ಗೃಹಸ್ಥರಿಗೆ ಆ ವಿದ್ಯೆ ಹೇಗೆ ಬಂತೆಂಬ ಕುತೂಹಲವೂ ಹುಟ್ಟಿತು.

ಕಥೆ ಮರದಿಂದ ಆರಂಭವಾಗುತ್ತದೆ. ಹಿಂದೆ ಇಲ್ಲಿಯೂ ಭಾರಿ ತೊಲೆಗಳನ್ನು ಕೊರೆದು, ಒಂದರೊಳಗೊಂದು ಕೂರಿಸಿ ಮನೆ ಕಟ್ಟುತ್ತಿದ್ದರು. ಅದು ನುರಿತ ಬಡಗಿಯ ಕೆಲಸ. 1830ರ ದಶಕದಲ್ಲಿ ಶಿಕಾಗೋದಲ್ಲಿ, ತೆಳುವಾದ ಮರದ ಪಟ್ಟಿಗಳನ್ನು ಯಂತ್ರದಲ್ಲಿ ತಯಾರಾದ ಮೊಳೆಗಳಿಂದ ಜೋಡಿಸುವ ಹಗುರ ಚೌಕಟ್ಟಿನ ಪದ್ಧತಿ ಬಳಕೆಗೆ ಬಂದಿತು. ಗರಗಸ, ಸುತ್ತಿಗೆ ಬಲ್ಲ ಇಬ್ಬರು ಮೂವರು ಸೇರಿ ಇಂತಹ ಮನೆಯನ್ನು ನಿಲ್ಲಿಸಬಹುದಾಗಿತ್ತು. ಇಂದಿಗೂ ನಮ್ಮ ಗೋಡೆಗಳೊಳಗೆ ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಂತಿರುವ ಪಟ್ಟಿಗಳು ಆ ಪದ್ಧತಿಯ ಸಂತತಿಯೇ. ಈ ಲೆಕ್ಕ ತಿಳಿಯದೆ, ಬರಿಯ ಜಿಪ್ಸಂ ಹಲಗೆಗೆ ಮೊಳೆ ಹೊಡೆದು ದೇವರ ಮಂಟಪವನ್ನು ತೂಗುಹಾಕಿ, ಅದು ಗೋಡೆಯ ಚೂರಿನೊಡನೆ ಕೆಳಗೆ ಬಂದುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ!

1902ರಲ್ಲಿ ಶಿಕಾಗೋದಲ್ಲಿಯೇ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಪತ್ರಿಕೆ ಹುಟ್ಟಿತು. ಯಂತ್ರ, ಉಪಕರಣಗಳ ವಿಷಯವನ್ನು ಸಾಮಾನ್ಯರಿಗೆ ತಿಳಿಯುವ ಮಾತಿನಲ್ಲಿ ವಿವರಿಸುವುದು ಅದರ ಗುರಿ. ಗುರುಕುಲವಿಲ್ಲದೆಯೇ ಕೈಕಸುಬು ಹೀಗೆ ಅಂಚೆಯಲ್ಲಿ ಸಂಚರಿಸತೊಡಗಿತು. 1908ರಿಂದ 1940ರವರೆಗೆ ಸಿಯರ್ಸ್ ಸಂಸ್ಥೆ ಇಡೀ ಮನೆಯ ಸಾಮಗ್ರಿಯನ್ನೇ ಕೈಪಿಡಿಯೊಡನೆ ರೈಲಿನಲ್ಲಿ ಕಳುಹಿಸುತ್ತಿತ್ತು. ಹಾಗೆ ಮಾರಾಟವಾದ ಮನೆಗಳು ಸುಮಾರು 70,000. 1934ರ ವಸತಿ ಕಾಯಿದೆಯು ಮನೆಯ ಸುಧಾರಣೆಗೆಂದು ಕೊಟ್ಟ ಸಾಲಗಳಿಗೆ ಸರಕಾರದ ವಿಮೆಯನ್ನು ಒದಗಿಸಿತು.

ಎರಡನೆಯ ಮಹಾಯುದ್ಧದ ನಂತರ ಇದು ಜನಜೀವನದ ಅಂಗವೇ ಆಯಿತು. 1944ರ ಕಾಯಿದೆ ಯುದ್ಧದಿಂದ ಮರಳಿದ ಯೋಧರಿಗೆ ಗೃಹಸಾಲಕ್ಕೆ ದಾರಿ ಮಾಡಿತು. 1947ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಆರಂಭವಾದ ಲೆವಿಟ್‌ಟೌನ್ ಬಡಾವಣೆಯಲ್ಲಿ 1951ರ ಹೊತ್ತಿಗೆ 17,000ಕ್ಕೂ ಹೆಚ್ಚು ಮನೆಗಳಿದ್ದವು. ಮೊದಲ ಮನೆಗಳ ಅಟ್ಟವನ್ನು ಅಪೂರ್ಣವಾಗಿಯೇ ಬಿಟ್ಟಿದ್ದರು. ಸಂಸಾರ ಬೆಳೆದಂತೆ ಮನೆಯವರೇ ಅದನ್ನು ಕೋಣೆಯಾಗಿಸಿಕೊಂಡರು. 1946ರಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಸಂಸ್ಥೆ ಗೃಹಬಳಕೆಗೆಂದೇ ಅಗ್ಗದ ವಿದ್ಯುತ್ ಡ್ರಿಲ್ಲನ್ನು ಮಾರುಕಟ್ಟೆಗೆ ತಂದಿತು. 1954ರ ಆಗಸ್ಟ್ 2ರ ‘ಟೈಮ್’ ಪತ್ರಿಕೆ ‘ನೀವೇ ಮಾಡಿಕೊಳ್ಳಿ’ ಎಂಬ ಈ ಹವ್ಯಾಸವನ್ನೇ ಮುಖಪುಟಕ್ಕೇರಿಸಿತು.

ಆದರೆ ಈ ಕಥೆಗೆ ಕಪ್ಪು ಮುಖವೂ ಉಂಟು. ಲೆವಿಟ್‌ಟೌನಿನ ಆರಂಭದ ಕರಾರುಪತ್ರಗಳು ಬಿಳಿಯರಲ್ಲದವರ ವಾಸವನ್ನು ನಿಷೇಧಿಸಿದ್ದವು. ನೆರೆಯವನನ್ನು ಕೇಳಿ ಕಲಿಯುವ ಭಾಗ್ಯಕ್ಕೆ ಮೊದಲು ನೆರೆಯಲ್ಲಿ ವಾಸಿಸುವ ಹಕ್ಕು ಬೇಕಷ್ಟೆ! ಇಂತಹ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು 1948ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತರೂ, ವಸತಿಯಲ್ಲಿನ ತಾರತಮ್ಯವನ್ನು ದೇಶದಾದ್ಯಂತ ಕಾನೂನುಬಾಹಿರಗೊಳಿಸಲು 1968ರ ಕಾಯಿದೆಯೇ ಬರಬೇಕಾಯಿತು. 1965ರ ವಲಸೆ ಕಾಯಿದೆಯ ಬಳಿಕ ಇಲ್ಲಿಗೆ ಬಂದ ನಮ್ಮವರು ಬೇಕಾದ ಬೀದಿಯಲ್ಲಿ ಮನೆ ಕೊಂಡಿದ್ದರೆ, ಅದರ ಹಿಂದೆ ಕರಿಯರ ದೀರ್ಘ ಹೋರಾಟವಿದೆ. ಇದನ್ನು ನಾವು ಮರೆಯಲಾಗದು.

1979 ಮತ್ತೊಂದು ಮುಖ್ಯ ವರ್ಷ. ಅಟ್ಲಾಂಟಾದಲ್ಲಿ ಹೋಂ ಡಿಪೋವಿನ ಮೊದಲ ಅಂಗಡಿಗಳು ತೆರೆದುದು ಆಗ; ಬಾಸ್ಟನ್ನಿನ ಸಾರ್ವಜನಿಕ ದೂರದರ್ಶನ ‘ದಿಸ್ ಓಲ್ಡ್ ಹೌಸ್’ ಕಾರ್ಯಕ್ರಮವನ್ನು ಆರಂಭಿಸಿದುದೂ ಆಗಲೇ. ಡಾರ್ಚೆಸ್ಟರಿನ ಹಳೆಯ ಮನೆಯೊಂದರ ಜೀರ್ಣೋದ್ಧಾರವನ್ನು ಪ್ರೇಕ್ಷಕರು ಹಂತಹಂತವಾಗಿ ಕಂಡರು. ಬಡಗಿಯ ಕೈಚಳಕ ಪಡಸಾಲೆಗೆ ಬಂದಿತು. ನಾನು ಕಲಿತುದರಲ್ಲಿ ಅರ್ಧದಷ್ಟು ಆ ಕಾರ್ಯಕ್ರಮದ ಋಣ.

ಕೇಳಿ ಮಾಡುವುದರಲ್ಲಿ ವಿವೇಕವೂ ಸೇರಿದೆ. ವಸತಿಗೃಹಗಳಲ್ಲಿ ಸೀಸದ ಬಣ್ಣವನ್ನು ನಿಷೇಧಿಸಿದುದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಯ ಬಣ್ಣವನ್ನು ಪರೀಕ್ಷೆ ಮಾಡಿಸದೆ ಕೆರೆದರೆ, ಅದರ ಧೂಳು ಎಳೆಯ ಮಕ್ಕಳ ಮಿದುಳಿಗೆ ವಿಷವಾದೀತು. ವಿದ್ಯುತ್ತಿನ ಮುಖ್ಯ ಪೆಟ್ಟಿಗೆ, ಅನಿಲದ ಕೊಳವೆ ಇವು ಬಲ್ಲವರ ಪಾಲಿಗೇ ಇರಲಿ.

ಕನ್ನಡ ಬಂಧುಗಳೇ, ಹನ್ನೆರಡನೆಯ ಶತಮಾನದಲ್ಲಿ ಶರಣರು ಕಾಯಕಕ್ಕೆ ಕೊಟ್ಟ ಮನ್ನಣೆಯನ್ನು ನಾವು ಭಾಷಣಗಳಲ್ಲಿ ಹಾಡಿ ಹೊಗಳುತ್ತೇವೆ. ನನಗೆ ಅದರ ಅರ್ಥ ತಿಳಿದುದು ಮಾತ್ರ ನೆಲಮಾಳಿಗೆಯಲ್ಲಿ ಮೊಣಕಾಲೂರಿ ಕುಳಿತಾಗ. ಊರಿನ ಆ ಹೆಂಚಿನವನನ್ನು ಹಿತ್ತಿಲ ಬಾಗಿಲಿನಲ್ಲಿ ನಿಲ್ಲಿಸಿಯೇ ಕಾಫಿ ಕೊಡುತ್ತಿದ್ದೆವು. ಅವನಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳಿದ್ದರೆ ಅವನು ಗುರುವಾಗುತ್ತಿದ್ದನು, ನಾವು ಶಿಷ್ಯರಾಗುತ್ತಿದ್ದೆವು. ಬಹುಶಃ ಆ ಭಯಕ್ಕೇ ನಾವು ಕೇಳಲಿಲ್ಲವೇನೋ.

ಮುಂದಿನ ಸಮ್ಮೇಳನದಲ್ಲಿ ಕವಿಗೋಷ್ಠಿ, ವೈದ್ಯಗೋಷ್ಠಿಗಳ ಜೊತೆಗೆ ಒಂದು ಗೃಹಗೋಷ್ಠಿಯೂ ಇರಲೆಂಬುದು ನನ್ನ ವಿನಂತಿ. ದಶಕಗಳಿಂದ ಇಲ್ಲಿ ಮನೆ ಕಾಪಾಡಿಕೊಂಡು ಬಂದ ಹಿರಿಯರೂ ಗೃಹಿಣಿಯರೂ ಒಂದೆಡೆ ಕುಳಿತುಕೊಳ್ಳಲಿ; ಹೊಸದಾಗಿ ಮನೆ ಕೊಂಡ ತರುಣ ದಂಪತಿಗಳು ಸಂಕೋಚವಿಲ್ಲದೆ ಕೇಳಲಿ, ಉತ್ತರ ಕನ್ನಡದಲ್ಲಿಯೇ ದೊರೆಯಲಿ. ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಸಮ್ಮೇಳನ ಮುಗಿಸಿ ಮನೆಗೆ ಮರಳಿದ ದಿನವೇ ನೀರಿನ ಮುಖ್ಯ ಕವಾಟವೆಲ್ಲಿದೆಯೆಂದು ಹುಡುಕಿ, ಮನೆಮಂದಿಗೆಲ್ಲ ತೋರಿಸಿಡಿ.