ಹಲ್ಲಿನ ಸಾಲು ಮತ್ತು ಏಳನೆಯ ವರ್ಷ: ಒಂದು ಚಾರಿತ್ರಿಕ ನೋಟ

ಕೆಲವು ವರ್ಷಗಳ ಹಿಂದೆ ನನ್ನ ಎಂಟನೇ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಳು. ಉರ್ದು ಪಾಠವನ್ನಾಗಲಿ ಕನ್ನಡ ಪದ್ಯವನ್ನಾಗಲಿ ಸ್ಪಷ್ಟವಾಗಿ ಓದುತ್ತಿದ್ದಳು. ಆದರೆ ಓದುವಾಗಲೆಲ್ಲ ದುಪಟ್ಟಾದ ಅಂಚು ಬಾಯಿಗೆ ಅಡ್ಡ ಬರುತ್ತಿತ್ತು. ಮೇಲಿನ ಮುಂಭಾಗದ ಹಲ್ಲುಗಳು ಉಬ್ಬಿಕೊಂಡಿದ್ದವು. ಒಂದು ದಿನ ಖೋಖೋ ಆಡುವಾಗ ಬಿದ್ದು, ಅವುಗಳಲ್ಲೊಂದು ಅರ್ಧಕ್ಕೆ ಮುರಿಯಿತು. “ಹಾಲುಹಲ್ಲೆಲ್ಲ ಬಿದ್ದು ಹೊಸವು ಬಂದ ಮೇಲೆ ತೋರಿಸೋಣ ಅಂತಿದ್ವಿ ಟೀಚರ್” ಎಂದರು ಅವಳ ತಾಯಿ. ಅವರನ್ನು ದೂರಲಾರೆ. ನಾನೂ ಹಾಗೆಯೇ ತಿಳಿದಿದ್ದೆ.

ಹಾಗಾದರೆ ಮಗುವನ್ನು ವಕ್ರದಂತ ತಜ್ಞರಿಗೆ, ಅಂದರೆ ಆರ್ಥೊಡಾಂಟಿಸ್ಟ್‌ಗೆ, ಮೊದಲು ಯಾವಾಗ ತೋರಿಸಬೇಕು? ಈ ಪ್ರಶ್ನೆಗೆ ದೀರ್ಘ ಇತಿಹಾಸವೇ ಇದೆ.

ಮೊದಲ ಶತಮಾನದ ರೋಮನ್ ಲೇಖಕ ಸೆಲ್ಸಸ್ ಒಂದು ಸರಳ ಉಪಾಯ ಬರೆದಿಟ್ಟಿದ್ದಾನೆ. ಹಾಲುಹಲ್ಲು ಬೀಳುವ ಮೊದಲೇ ಹೊಸ ಹಲ್ಲು ಮೂಡಿದರೆ, ಹಳೆಯದನ್ನು ಕಿತ್ತು, ಹೊಸದನ್ನು ಪ್ರತಿದಿನ ಬೆರಳಿನಿಂದ ಅದರ ಜಾಗಕ್ಕೆ ಒತ್ತಬೇಕು ಎಂದು. ಎಳೆಯ ವಯಸ್ಸಿನಲ್ಲಿ ಹಲ್ಲು ಸರಿಯುತ್ತದೆ ಎಂಬ ಅರಿವು ಅಷ್ಟು ಹಳೆಯದು.

ಸ್ಪೇನಿನ ಕೊರ್ಡೋಬಾ ಬಳಿಯ ಮದೀನತುಝ್ಝಹ್ರಾದಲ್ಲಿ ಸುಮಾರು 936ರಲ್ಲಿ ಜನಿಸಿದ ಅಬುಲ್ ಕಾಸಿಮ್ ಅಝ್ಝಹ್ರಾವಿ ‘ಅತ್ತಸ್ರೀಫ್’ ಎಂಬ ಮೂವತ್ತು ಭಾಗಗಳ ಬೃಹತ್ ವೈದ್ಯಗ್ರಂಥ ರಚಿಸಿದರು. ಶಸ್ತ್ರಚಿಕಿತ್ಸೆಗೆ ಮೀಸಲಾದ ಅದರ ಕೊನೆಯ ಭಾಗದಲ್ಲಿ ಉಪಕರಣಗಳ ಚಿತ್ರಗಳೂ ಇವೆ. ಅಲುಗಾಡುವ ಹಲ್ಲುಗಳನ್ನು ಚಿನ್ನದ ತಂತಿಯಿಂದ ಕಟ್ಟುವುದನ್ನು ಅವರು ವಿವರಿಸಿದ್ದಾರೆ. ಸಾಲು ತಪ್ಪಿ ಬೆಳೆದ ಹಲ್ಲನ್ನು ಕೀಳುವುದು, ಅದಾಗದಿದ್ದರೆ ಕತ್ತರಿಸಿ ಅರದಿಂದ ಉಜ್ಜುವುದು ಅವರ ಚಿಕಿತ್ಸೆಯಾಗಿತ್ತು. 12ನೇ ಶತಮಾನದಲ್ಲಿ ಈ ಭಾಗ ಲ್ಯಾಟಿನ್‌ಗೆ ಅನುವಾದಗೊಂಡು ಯುರೋಪಿನ ವೈದ್ಯರ ಕೈಸೇರಿತು. ಆದರೆ ಆಗಿನ ಚಿಕಿತ್ಸೆಯೆಲ್ಲ ಹಲ್ಲು ವಕ್ರವಾಗಿ ಬೆಳೆದ ಮೇಲಿನದು. 1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ಲೋಹದ ಕಮಾನುಪಟ್ಟಿಗೆ ದಾರದಿಂದ ಹಲ್ಲುಗಳನ್ನು ಬಿಗಿದು ನೇರಗೊಳಿಸುವ ವಿಧಾನ ಪ್ರಕಟಿಸಿದ. ಇಂದಿನ ‘ಕ್ಲಿಪ್’ನ ಮೂಲಪುರುಷ ಅವನೇ ಎನ್ನಬಹುದು.

ವಯಸ್ಸಿನ ಪ್ರಶ್ನೆಗೆ ಉತ್ತರ ಸಿಗಲು ಎರಡು ಸಂಗತಿಗಳು ನೆರವಾದವು. 1895ರಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದರು. ಅದರಿಂದ ವಸಡಿನೊಳಗೆ ಇನ್ನೂ ಅಡಗಿರುವ ಹಲ್ಲುಗಳನ್ನು ನೋಡುವುದು ಸಾಧ್ಯವಾಯಿತು. 1899ರಲ್ಲಿ ಅಮೆರಿಕದ ಎಡ್ವರ್ಡ್ ಆ್ಯಂಗಲ್ ವಕ್ರದಂತಗಳನ್ನು ವರ್ಗೀಕರಿಸಿದರು. ಸುಮಾರು ಆರನೇ ವರ್ಷಕ್ಕೆ ಮೂಡುವ ಮೊದಲ ಶಾಶ್ವತ ದವಡೆಹಲ್ಲೇ ಅವರ ಅಳತೆಗೋಲಾಯಿತು. ಮರುವರ್ಷ ಸೇಂಟ್ ಲೂಯಿಸ್‌ನಲ್ಲಿ ಈ ವಿದ್ಯೆಗೆಂದೇ ಶಾಲೆ ತೆರೆದರು.

ಆ ದವಡೆಹಲ್ಲಿನ ಬಗ್ಗೆ ಪಾಲಕರು ಒಂದು ಮಾತು ನೆನಪಿಡಬೇಕು. ಅದು ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಬರುತ್ತದೆ. ನಾವು ಅದನ್ನೂ ಹಾಲುಹಲ್ಲೆಂದೇ ಭಾವಿಸುತ್ತೇವೆ. ಮುಂದಿರುವ ಹಾಲುಹಲ್ಲು ಹುಳುಕಾಗಿ ಬೇಗನೆ ಉದುರಿದರೆ, ಈ ದವಡೆಹಲ್ಲು ಮುಂದಕ್ಕೆ ಸರಿದು, ನಂತರ ಬರಬೇಕಾದ ಹಲ್ಲಿನ ಜಾಗವನ್ನು ಕಬಳಿಸುತ್ತದೆ. ‘ಹೇಗೂ ಬೀಳುವ ಹಲ್ಲಲ್ಲವೇ’ ಎಂಬ ಉದಾಸೀನ ಹೀಗೆ ದುಬಾರಿಯಾಗುತ್ತದೆ.

ಏಳನೇ ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಈ ದವಡೆಹಲ್ಲುಗಳೂ ಮುಂಭಾಗದ ಕೆಲವು ಶಾಶ್ವತ ಹಲ್ಲುಗಳೂ ಬಂದಿರುತ್ತವೆ. ಮೇಲಿನ ಮತ್ತು ಕೆಳಗಿನ ದವಡೆಗಳು ಹೇಗೆ ಕೂಡುತ್ತವೆ, ಬೆರಳು ಚೀಪುವ ಅಭ್ಯಾಸದಿಂದ ಏನಾಗಿದೆ ಎಂಬುದು ತಿಳಿಯುತ್ತದೆ. ಆದ್ದರಿಂದಲೇ ಅಮೆರಿಕದ ಆರ್ಥೊಡಾಂಟಿಸ್ಟರ ಸಂಘವು ಏಳನೇ ವಯಸ್ಸಿನೊಳಗೆ ಒಮ್ಮೆ ತೋರಿಸಿ ಎನ್ನುತ್ತದೆ.

ಹಾಗೆಂದು ಏಳಕ್ಕೇ ಕ್ಲಿಪ್ ಹಾಕಿಸಬೇಕೆ? ಇಲ್ಲ. ಚಿಕ್ಕವರಿಗೆ ಮೊದಲೇ ಚಿಕಿತ್ಸೆ ಕೊಡುವುದು ಲಾಭವೇ ಎಂದು 1990ರ ದಶಕದಿಂದ ಅಮೆರಿಕ, ಬ್ರಿಟನ್‌ಗಳಲ್ಲಿ ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ ಪರೀಕ್ಷಿಸಲಾಯಿತು. ಇಂತಹ ಅಧ್ಯಯನಗಳನ್ನೆಲ್ಲ ತೂಗಿ ನೋಡಿದ 2018ರ ಕಾಕ್ರೇನ್ ವಿಮರ್ಶೆಯ ತೀರ್ಮಾನ ಇದು: ಉಬ್ಬುಹಲ್ಲಿಗೆ ಬೇಗನೆ ಚಿಕಿತ್ಸೆ ಮಾಡಿದರೆ ಮುಂಭಾಗದ ಹಲ್ಲಿಗೆ ಪೆಟ್ಟು ಬೀಳುವುದು ಕಡಿಮೆಯಾಗುತ್ತದೆ, ಅದರ ಹೊರತು, ಹದಿಹರೆಯದಲ್ಲಿ ಒಂದೇ ಸಲ ಮಾಡುವ ಚಿಕಿತ್ಸೆಗಿಂತ ಬೇರೆ ಲಾಭ ಕಾಣದು. ಇದನ್ನು ಓದಿದಾಗ ನನಗೆ ಆ ಖೋಖೋ ಮೈದಾನ ನೆನಪಾಯಿತು. ತೋರಿಸುವ ವಯಸ್ಸು ಬೇರೆ, ತಂತಿ ಕಟ್ಟುವ ವಯಸ್ಸು ಬೇರೆ. ಬಹಳಷ್ಟು ಮಕ್ಕಳಿಗೆ ತಜ್ಞರು ‘ಈಗ ಏನೂ ಬೇಡ, ಮುಂದಿನ ವರ್ಷ ಬನ್ನಿ’ ಎಂದೇ ಹೇಳುತ್ತಾರೆ. ಎದುರು ಹಲ್ಲು ತಿರುಗುಮುರುಗಾಗಿ ಕಚ್ಚುವಂತಹ ಕೆಲವು ದೋಷಗಳಿಗೆ ಮಾತ್ರ ಬೇಗನೆ ಚಿಕಿತ್ಸೆ ಬೇಕಾಗಬಹುದು.

ಖರ್ಚಿನ ಭಯವೂ ಉಂಟು, ಅದು ಸಹಜ. ಇಲ್ಲಿ ಡಾ. ರಫೀಉದ್ದೀನ್ ಅಹಮದ್ ಅವರನ್ನು ನೆನೆಯಬೇಕು. ಅಮೆರಿಕದಲ್ಲಿ ಕಲಿತು ಬಂದ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಅದರ ವೆಚ್ಚಕ್ಕೆ ನೆರವಾದದ್ದು ಅವರೇ ನಡೆಸುತ್ತಿದ್ದ ಒಂದು ಸೋಡಾ ಅಂಗಡಿ! 1949ರಲ್ಲಿ ಕಾಲೇಜನ್ನು ಸರ್ಕಾರಕ್ಕೆ ಒಪ್ಪಿಸಿದರು. ಇಂದು ನಮ್ಮ ಬೆಂಗಳೂರಿನಲ್ಲೂ ಸರ್ಕಾರಿ ದಂತ ಕಾಲೇಜಿದೆ. ಇಂತಹ ಕಾಲೇಜುಗಳಲ್ಲಿ ಒಮ್ಮೆ ತೋರಿಸಲು ದೊಡ್ಡ ಖರ್ಚು ಬೀಳುವುದಿಲ್ಲ.

ಪ್ರಿಯ ಪಾಲಕರೇ, ಮಗು ಎರಡನೇ ತರಗತಿಗೆ ಬಂದಾಗ ಪುಸ್ತಕ, ಸಮವಸ್ತ್ರಗಳ ಜೊತೆಗೆ ಅದರ ಹಲ್ಲಿನ ಸಾಲನ್ನೂ ಒಮ್ಮೆ ಬೆಳಕಿನಲ್ಲಿ ನೋಡಿ, ದಂತ ವೈದ್ಯರಿಗೂ ತೋರಿಸಿ. ನಮ್ಮ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿಯದೆ ತರಗತಿಯಲ್ಲಿ ಎದ್ದು ನಿಂತು ಓದುವಂತಾಗಲಿ.