39 ಮಿಲಿಮೀಟರಿನ ತಿರುಪು

ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ ಅಂದರೆ ದುಡ್ಡಿದ್ದವರ ಶೋಕಿ ಅಂತ ಒಂದು ಮಾತಿದೆ. ಪೂರ್ತಿ ಸುಳ್ಳೇನಲ್ಲ. ಹೊಸ ಲೈಕಾ ಲೆನ್ಸ್‌ಗಳ ಬೆಲೆ ಲಕ್ಷಗಳಲ್ಲೇ ಶುರುವಾಗುತ್ತದೆ. ಆ ದುಡ್ಡಿಗೆ ನಮ್ಮ ಕಡೆ ಒಂದು ಜೊತೆ ಒಳ್ಳೇ ಹಸು ಬರುತ್ತವೆ, ಹಾಲಾದರೂ ಕೊಡುತ್ತವೆ!

ಆದರೂ ನಾನು ಈ ಗೀಳಿಗೆ ಬಿದ್ದೆ. ಹೊಸ ಕ್ಯಾಮೆರಾ ಕೊಂಡ ಗೆಳೆಯನೊಬ್ಬ ತನ್ನ ಹಳೆಯ ಲೈಕಾ ಎಂ8 ಅನ್ನು ಕಡಿಮೆ ಬೆಲೆಗೆ ನನಗೆ ದಾಟಿಸಿದ. ಬರೀ ಬಾಡಿ, ಲೆನ್ಸ್ ಇಲ್ಲ. ಲೆನ್ಸ್‌ಗೆ ನನ್ನ ಹತ್ತಿರ ಇದ್ದದ್ದು 30,000 ರೂಪಾಯಿ. ಮನೆಯಲ್ಲಿ ಗೂಡು ಮಾರಿದ ದುಡ್ಡಿನಲ್ಲಿ ಸೊಪ್ಪಿನ ಖರ್ಚು, ಆಳಿನ ಖರ್ಚು ಕಳೆದು ನನ್ನ ಪಾಲಿಗೆ ಬಂದದ್ದು. ಇನ್ನೊಂದು ಲೆನ್ಸ್‌ಗೆ ಸದ್ಯಕ್ಕೆ ದಾರಿ ಇಲ್ಲ, ಹಾಗಾಗಿ ಮೊದಲನೆಯದೇ ಸರಿಯಾಗಿರಬೇಕು. ತೆಗೆಯಬೇಕಾದ ಚಿತ್ರಗಳೂ ಕಾಯುವಂಥವಲ್ಲ. ರಾಮನಗರದಲ್ಲಿ ಬಿಸಿನೀರಿನ ಮುಂದೆ ಕೂತು ನೂಲು ಬಿಚ್ಚುವವರು, ಚನ್ನಪಟ್ಟಣದಲ್ಲಿ ಮರ ತಿರುವುವವರು... ನಾನು ಚಿಕ್ಕವನಿದ್ದಾಗ ಕಂಡಷ್ಟು ಮನೆಗಳಲ್ಲಿ ಈಗ ಆ ಕೆಲಸ ಕಾಣುವುದಿಲ್ಲ.

ಯಾವ ಲೆನ್ಸ್ ಅಂತ ಹುಡುಕುತ್ತಾ ಹೋದವನು ಇತಿಹಾಸದೊಳಗೆ ಬಿದ್ದೆ. ಅಗ್ಗದ ಲೆನ್ಸ್ ಇವತ್ತೂ ಸಿಗುವುದಕ್ಕೆ ಕಾರಣ 1930ರ ದಶಕದ ಒಂದು ತಿರುಪು. ಅದರ ಕಥೆ ಗೊತ್ತಾದರೆ ಆಯ್ಕೆ ಅರ್ಧ ಮುಗಿದಂತೆ.

ಮೊದಲು ರೇಂಜ್‌ಫೈಂಡರ್ ಅಂದರೇನು ಅಂತ ಎರಡು ಮಾತು. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಕನ್ನಡಿಯ ಮೂಲಕ ಲೆನ್ಸ್ ಕಂಡದ್ದನ್ನೇ ನಾವೂ ಕಾಣುತ್ತೇವೆ. ಇಲ್ಲಿ ಹಾಗಲ್ಲ. ಮೇಲೆ ಬೇರೆಯೇ ಒಂದು ಕಿಟಕಿ, ಸ್ವಲ್ಪ ದೂರದಲ್ಲಿ ಇನ್ನೊಂದು ಪುಟ್ಟ ಕಿಟಕಿ. ಎರಡರ ಬಿಂಬವೂ ಕಣ್ಣಿಗೆ ಒಟ್ಟಿಗೆ ಬೀಳುತ್ತದೆ. ಲೆನ್ಸ್ ತಿರುವಿದಂತೆ ಎರಡು ಬಿಂಬ ಹತ್ತಿರ ಬಂದು ಒಂದಾದರೆ ಫೋಕಸ್ ಆಯಿತು ಅಂತ ಲೆಕ್ಕ. ಲೆನ್ಸ್‌ನ ಹಿಂಭಾಗದ ಒಂದು ಉಂಗುರ ಬಾಡಿಯೊಳಗಿನ ಪುಟ್ಟ ಗಾಲಿಯನ್ನು ತಳ್ಳುತ್ತದೆ, ಅಷ್ಟೇ ಸಂಬಂಧ. ಪೂರಾ ಯಂತ್ರದ ಕೆಲಸ, ವೈರಿಲ್ಲ, ಚಿಪ್ಪಿಲ್ಲ. ಆ ಉಂಗುರ ಅಳತೆಗೆ ಸರಿಯಾಗಿದ್ದರೆ ಲೆನ್ಸ್ ಯಾವ ದೇಶದ್ದು, ಯಾವ ಕಾಲದ್ದು ಅಂತ ಕ್ಯಾಮೆರಾ ಕೇಳುವುದಿಲ್ಲ.

ಈಗ ತಿರುಪಿನ ವಿಷಯಕ್ಕೆ ಬರೋಣ. ಜರ್ಮನಿಯ ವೆಟ್ಸ್‌ಲಾರ್‌ನಲ್ಲಿ ಲೈಟ್ಸ್ ಅಂತ ಮೈಕ್ರೋಸ್ಕೋಪ್ ಮಾಡುವ ಕಂಪನಿ. ಅಲ್ಲಿನ ಆಸ್ಕರ್ ಬಾರ್ನಾಕ್ ಸಿನಿಮಾ ರೀಲು ಬಳಸುವ ಪುಟ್ಟ ಕ್ಯಾಮೆರಾ ಮಾಡಿದ. ಅದು ಲೈಕಾ ಅನ್ನೋ ಹೆಸರಿನಲ್ಲಿ 1925ರಲ್ಲಿ ಮಾರುಕಟ್ಟೆಗೆ ಬಂತು. ಆಗ ಲೆನ್ಸ್ ಬಾಡಿಗೇ ಅಂಟಿಕೊಂಡಿತ್ತು. 1930ರಲ್ಲಿ ಲೆನ್ಸ್ ಬಿಚ್ಚಿ ಬೇರೆ ಹಾಕಬಹುದಾದ ಕ್ಯಾಮೆರಾ ಬಂತು. ತಿರುಪಿನ ಅಗಲ 39 ಮಿಲಿಮೀಟರ್, ಒಂದು ಇಂಚಿಗೆ 26 ಸುತ್ತು. ಮಿಲಿಮೀಟರ್ ಜೊತೆಗೆ ಇಂಚು ಯಾಕೆ ಬಂತು ಅಂದರೆ, ಮೈಕ್ರೋಸ್ಕೋಪ್ ಮಾಡುವವರಲ್ಲಿ ಇಂಗ್ಲಿಷರ ವಿಟ್‌ವರ್ತ್ ತಿರುಪೇ ರೂಢಿಯಲ್ಲಿತ್ತು.

ಮೊದಲಿಗೆ ಒಂದೊಂದು ಲೆನ್ಸನ್ನೂ ಅದರದೇ ಬಾಡಿಗೆ ಹೊಂದಿಸಿ ಕೊಡುತ್ತಿದ್ದರು, ಪಕ್ಕದವನ ಲೆನ್ಸ್ ತಂದು ಹಾಕುವಂತಿರಲಿಲ್ಲ. 1931ರಲ್ಲಿ ಅಳತೆ ಒಂದೇ ಮಾಡಿದರು: ಲೆನ್ಸ್ ಕೂರುವ ಜಾಗದಿಂದ ಫಿಲ್ಮಿಗೆ 28.8 ಮಿಲಿಮೀಟರ್. 1932ರ ಲೈಕಾ 2ರಲ್ಲಿ ರೇಂಜ್‌ಫೈಂಡರ್ ಕೂಡ ಬಾಡಿಯ ಒಳಗೇ ಬಂತು. ನನ್ನ ಪ್ರಕಾರ ಈ ಕಥೆಯ ದೊಡ್ಡ ದಿನ ಅಂದರೆ ಅಳತೆ ಒಂದಾದದ್ದೇ. ಕ್ಯಾಮೆರಾ ಹುಟ್ಟಿದ ದಿನಕ್ಕಿಂತ ಅದು ದೊಡ್ಡದು.

ಯಾಕಂದರೆ ಅಳತೆ ಒಂದಾದರೆ ನಕಲು ಮಾಡೋದು ಸುಲಭ. ಹಾರ್ಕಿವ್‌ನಲ್ಲಿ (ಆಗ ಸೋವಿಯತ್ ಒಕ್ಕೂಟ, ಈಗ ಉಕ್ರೇನ್) ಮನೆಮಠ ಇಲ್ಲದ ಮಕ್ಕಳಿಗಾಗಿ ಒಂದು ಕಮ್ಯೂನ್ ಇತ್ತು. ಅಲ್ಲಿನ ಹುಡುಗರು 1934ರಿಂದ ಲೈಕಾ 2ರ ನಕಲು ಮಾಡತೊಡಗಿದರು. ಹೆಸರು ಫೆಡ್. ಕಮ್ಯೂನಿಗೆ ಯಾರ ಹೆಸರಿತ್ತೋ ಆ ಫೆಲಿಕ್ಸ್ ಎಡ್ಮಂಡೊವಿಚ್ ಜೆರ್ಜಿನ್‌ಸ್ಕಿಯ ಮೊದಲಕ್ಷರಗಳು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜೈಸ್ ಕಂಪನಿಯ ಯಂತ್ರ, ಗಾಜು, ನಕ್ಷೆಗಳನ್ನೂ ಸೋವಿಯತ್‌ನವರು ಸಾಗಿಸಿಕೊಂಡು ಹೋದರು. ಜೈಸ್‌ನಲ್ಲಿ ಲುಡ್ವಿಗ್ ಬರ್ಟೆಲೆ ರೂಪಿಸಿದ್ದ ಸೋನಾರ್ 50 ಎಫ್2 ಲೆನ್ಸ್ ಅಲ್ಲಿ ಜುಪಿಟರ್-8 ಆಯಿತು. ಲೈಕಾದ ತಿರುಪು, ಜೈಸ್‌ನ ಗಾಜು, ರಷ್ಯಾದ ಕಾರ್ಖಾನೆ! ಜರ್ಮನಿಯಲ್ಲಿ ಪೈಪೋಟಿ ಮಾಡುತ್ತಿದ್ದ ಎರಡು ಮನೆಗಳಿಗೆ ಮಾಸ್ಕೋ ಪಕ್ಕದಲ್ಲಿ ಬೀಗತನ ಆದಂತಾಯ್ತು.

ಜಪಾನಿನವರೂ ಇದೇ ತಿರುಪು ಹಿಡಿದರು. ಕ್ಯಾನನ್ ಶುರುವಿನಲ್ಲಿ ಲೆನ್ಸ್ ತರಿಸಿಕೊಳ್ಳುತ್ತಿದ್ದದ್ದು ನಿಕಾನ್ ಕಂಪನಿಯಿಂದ ಅಂದರೆ ಈಗ ಯಾರೂ ನಂಬಲ್ಲ. 1950ರಲ್ಲಿ ಕೊರಿಯಾ ಯುದ್ಧಕ್ಕೆ ಹೋದ ಲೈಫ್ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ನಿಕ್ಕೋರ್ ಲೆನ್ಸ್ ಬಳಸಿ ಕಳಿಸಿದ ಚಿತ್ರಗಳು ನೋಡಿದ ಮೇಲೆ, ಜಪಾನಿನ ಗಾಜು ಜರ್ಮನಿಗೆ ಕಡಿಮೆಯಿಲ್ಲ ಅನ್ನೋದು ಜಗತ್ತಿಗೆ ಗೊತ್ತಾಯಿತು. ಕ್ಯಾನನ್ ಕೂಡ ಅದೇ ದಶಕದಲ್ಲಿ 50 ಎಫ್1.8 ಲೆನ್ಸನ್ನು ರಾಶಿ ರಾಶಿ ಮಾಡಿತು.

1954ರಲ್ಲಿ ಲೈಕಾ ತಿರುಪಿನ ಬದಲು, ಚಕ್ಕನೆ ತಿರುವಿ ಸಿಕ್ಕಿಸುವ ಎಂ ಮೌಂಟ್ ತಂದಿತು. ಹಳಬರ ಲೆನ್ಸುಗಳೆಲ್ಲ ಕಸ ಆಗಬೇಕಿತ್ತು. ಆಗಲಿಲ್ಲ. ಹೊಸ ಅಳತೆ 27.8 ಮಿಲಿಮೀಟರ್, ಹಳೆಯದಕ್ಕಿಂತ ಸರಿಯಾಗಿ ಒಂದು ಮಿಲಿಮೀಟರ್ ಕಡಿಮೆ. ಆ ಜಾಗದಲ್ಲಿ ಒಂದು ಮಿಲಿಮೀಟರ್ ದಪ್ಪದ ಹಿತ್ತಾಳೆ ಉಂಗುರ ಕೂರಿಸಿದರೆ ಹಳೇ ಲೆನ್ಸ್ ಹೊಸ ಬಾಡಿಯಲ್ಲಿ ಸರಾಗ ಕೆಲಸ ಮಾಡುತ್ತದೆ, ರೇಂಜ್‌ಫೈಂಡರ್ ಸಮೇತ. ಬೇಕೆಂದೇ ಬಿಟ್ಟ ಒಂದು ಮಿಲಿಮೀಟರ್ ಅದು. ಬಡವರ ಬಾಗಿಲು ಅಂತ ನಾನು ಕರೆಯೋದು ಅದನ್ನೇ.

ಆಮೇಲೆ ಎಸ್‌ಎಲ್‌ಆರ್ ಕಾಲ ಬಂತು, ರೇಂಜ್‌ಫೈಂಡರ್ ಮೂಲೆ ಸೇರಿತು. 1999ರಲ್ಲಿ ಜಪಾನಿನ ಕೊಸಿನಾ ಕಂಪನಿ ಫೋಕ್ಟ್‌ಲ್ಯಾಂಡರ್ ಅನ್ನೋ ಹಳೇ ಹೆಸರಿನಲ್ಲಿ ಮತ್ತೆ 39ರ ತಿರುಪಿಗೇ ಹೊಸ ಲೆನ್ಸ್ ಮಾಡಿದಾಗ, ನಿಂತ ಮಗ್ಗ ಮತ್ತೆ ಆಡಿದಂತಾಯ್ತು. 2004ರಲ್ಲಿ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಎಪ್ಸನ್ ಆರ್‌ಡಿ1 ಬಂತು, 60 ಲಕ್ಷ ಪಿಕ್ಸೆಲ್. 2006ರಲ್ಲಿ ಲೈಕಾ ಎಂ8, ಒಂದು ಕೋಟಿ ಪಿಕ್ಸೆಲ್. 2009ರಲ್ಲಿ ಪೂರ್ಣ ಫಿಲ್ಮ್ ಅಳತೆಯ ಸೆನ್ಸರ್ ಇರುವ ಎಂ9.

ಈ ಇತಿಹಾಸದಿಂದ ನಾನು ಕಲಿತ ಪಾಠ ಒಂದೇ: ಬಾಡಿ ಹೋಗುತ್ತದೆ, ಲೆನ್ಸ್ ಉಳಿಯುತ್ತದೆ. 2006ರ ಡಿಜಿಟಲ್ ಬಾಡಿಗೆ ಈಗಲೇ ಬಿಡಿಭಾಗ ಸಿಗೋದು ಕಷ್ಟ. 1956ರ ಲೆನ್ಸನ್ನು ಕೈಪಳಗಿದ ಮೆಕ್ಯಾನಿಕ್ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಕೊಟ್ಟರೆ ಇನ್ನೂ 50 ವರ್ಷ ಬರುತ್ತದೆ. ಹಾಗಾಗಿ ದುಡ್ಡು ಕಡಿಮೆ ಇರುವವರು ಬಾಡಿಯಲ್ಲಿ ಜುಗ್ಗತನ ಮಾಡಿ, ಲೆನ್ಸ್‌ನಲ್ಲಿ ಮಾಡಬೇಡಿ.

ಹೋದ ತಿಂಗಳು ಗೆಳೆಯನಿಂದ ಎರವಲು ತಂದಿದ್ದ ಜುಪಿಟರ್-8 ಅನ್ನು ಚನ್ನಪಟ್ಟಣದಲ್ಲಿ ನಮ್ಮ ಸೋದರಮಾವನಿಗೆ ತೋರಿಸಿದೆ. ಅವರು ಲೇತಿನ ಮುಂದೆ ಕೂತು ಆಲೆ ಮರದ ಗೊಂಬೆ ತಿರುವುವವರು. ಲೆನ್ಸ್‌ನ ಗಾಜು ನೋಡಲೇ ಇಲ್ಲ, ಹಿಂದೆ ತಿರುಗಿಸಿ ತಿರುಪಿನ ಮೇಲೆ ಉಗುರಾಡಿಸಿದರು.

“ಯಾವ್ ಕಾಲದ್ ಅಳತೆ ಅಳಿಯ ಇದು?”

“1931 ಮಾವ.”

“ಅವತ್ತಿಂದ ಬದಲಾಯ್ಸೇ ಇಲ್ವಾ? ನಮ್ಗೆ ಅಂಗಡಿಯೋರು ವರ್ಷಕ್ಕೊಂದ್ ಅಳತೆ ಹೇಳ್ತಾರಪ್ಪ. ಹೋದ್ ವರ್ಷದ್ ಮಾಲು ಈ ವರ್ಷಕ್ಕೆ ಆಗಾಕಿಲ್ಲ.”

ನಾನು ಇಷ್ಟುದ್ದ ಬರೆದದ್ದನ್ನು ಮಾವ ಒಂದೇ ಮಾತಲ್ಲಿ ಹೇಳಿಬಿಟ್ಟರು.

ಸರಿ, ಯಾವ ಲೆನ್ಸ್? ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಹೈಸ್ಕೂಲಿನಲ್ಲಿ ಮಸೂರದ ಸಂಗಮ ದೂರ ಅಂತ ಓದಿದ್ದೀವಲ್ಲ, ಅದೇ ಫೋಕಲ್ ಲೆಂತ್ (ಕನಕಪುರದವರಿಗೆ ಸಂಗಮ ದೂರ ಅಂದರೆ ಬಸ್ ಚಾರ್ಜು ನೆನಪಾಗುತ್ತೆ, ಅದು ಬೇರೆ ವಿಷಯ). ಎಂ8ರ ಸೆನ್ಸರ್ ಫಿಲ್ಮಿಗಿಂತ ಚಿಕ್ಕದು, ಅಂಚು ಕತ್ತರಿಸಿ ಹೋಗುತ್ತದೆ. ಹಾಗಾಗಿ ಲೆನ್ಸ್ ಅಳತೆಯನ್ನು 1.33ರಿಂದ ಗುಣಿಸಿ ನೋಡಬೇಕು. 50ರ ಲೆನ್ಸ್ ಸುಮಾರು 66ರಂತೆ ಕಾಣುತ್ತದೆ, 35ರದು 47ರಂತೆ. ಎಪ್ಸನ್‌ನಲ್ಲಿ ಇನ್ನೂ ಹೆಚ್ಚು, ಸುಮಾರು ಒಂದೂವರೆ ಪಟ್ಟು.

ಆರಿ ಕಾರ್ತಿಯೇ ಬ್ರೆಸ್ಸಾನ್ ತನ್ನ ಬಹುಪಾಲು ಕೆಲಸ ಮಾಡಿದ್ದು 50ರ ಲೆನ್ಸ್‌ನಲ್ಲಿ. ಮನುಷ್ಯನ ಎದುರು ಮನುಷ್ಯ ನಿಂತು ಮಾತಾಡುವ ದೂರಕ್ಕೆ ಅದು ಹೊಂದುತ್ತದೆ. ನನಗೂ ಬೇಕಾದದ್ದು ಆ ದೂರವೇ. ಆದರೆ ಎಂ8ರಲ್ಲಿ ಆ ನೋಟ ಬರಬೇಕಾದರೆ ಕೊಳ್ಳಬೇಕಾದದ್ದು 35.

ನಮ್ಮ ನಾಲ್ಕು ಊರುಗಳಿಗೆ ಇದನ್ನು ಹಚ್ಚಿ ನೋಡಿದೆ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜಿನ ಹೊತ್ತು ಹಿಂದೆ ಸರಿಯಲು ಜಾಗ ಇಲ್ಲ, ಒಂದೂವರೆ ಮೀಟರಿನಲ್ಲಿ ಗೂಡೂ ಮುಖವೂ ಎರಡೂ ಬರಬೇಕು. 66ರ ನೋಟದಲ್ಲಿ ಆಗಲ್ಲ. ನೂಲು ಬಿಚ್ಚುವ ಶೆಡ್ಡಿನಲ್ಲಿ ಕತ್ತಲೆ, ಮೇಲೆ ಹಬೆ. ಎಂ8ರಲ್ಲಿ ಐಎಸ್‌ಒ 640 ದಾಟಿದರೆ ಚಿತ್ರ ಕಾಳುಕಾಳಾಗುತ್ತದೆ. ಆದರೆ ಒಳಗೆ ಕನ್ನಡಿ ಬಡಿಯುವುದಿಲ್ಲವಾದ್ದರಿಂದ ಮೂವತ್ತನೇ ಒಂದು ಸೆಕೆಂಡಿನಲ್ಲೂ ಕೈಯಲ್ಲೇ ಹಿಡಿದು ತೆಗೆಯಬಹುದು. ಚನ್ನಪಟ್ಟಣದ ಲೇತು ಕೋಣೆಯಲ್ಲಿ ಹತ್ತಿರ ಹೋಗಬೇಕು. ಹಳೆಯ 50ರ ಲೆನ್ಸುಗಳು ಒಂದು ಮೀಟರಿಗಿಂತ ಹತ್ತಿರ ಬರುವುದಿಲ್ಲ. ಪುಟ್ಟ ಗೊಂಬೆಯನ್ನೇ ಚೌಕಟ್ಟು ತುಂಬ ತೆಗೆಯೋದು ಯಾವ ರೇಂಜ್‌ಫೈಂಡರಿಗೂ ಆಗದ ಕೆಲಸ, ಅದನ್ನು ಬಿಟ್ಟುಬಿಡಿ. ಕನಕಪುರದಲ್ಲಿ ಹಿಪ್ಪುನೇರಳೆ ಸೊಪ್ಪು ಹೇರಿಕೊಂಡು ಬರುವವರು ಬಿಸಿಲಿನಲ್ಲಿ ಸಿಗುತ್ತಾರೆ, ಅಲ್ಲಿ ಎಫ್8 ಸಾಕು. ಮಾಗಡಿಯ ಸಾವನದುರ್ಗ ದೂರದಿಂದಲೇ ಪೂರ್ತಿ ಕಾಣುವ ಬೆಟ್ಟ, ಯಾವ ಲೆನ್ಸ್ ಆದರೂ ನಾಲ್ಕು ಹೆಜ್ಜೆ ಹಿಂದೆ ಮುಂದೆ ನಡೆದರೆ ಆಯಿತು. ರಾಮದೇವರ ಬೆಟ್ಟದ ರಣಹದ್ದುಗಳ ಆಸೆ ಬೇಡ. ರೇಂಜ್‌ಫೈಂಡರ್ ಲೆನ್ಸುಗಳು 135ಕ್ಕೆ ಮುಗಿಯುತ್ತವೆ. ಅದಕ್ಕೆ ಎಸ್‌ಎಲ್‌ಆರ್ ಇದೆ.

ಅಭ್ಯರ್ಥಿಗಳು ಮೂವರು ಉಳಿದರು. ಎಲ್ಲರಿಗಿಂತ ಅಗ್ಗ ಜುಪಿಟರ್-8. ಹೆಚ್ಚಿನವುಗಳಲ್ಲಿ ನಂಬರಿನ ಮೊದಲ ಎರಡು ಅಂಕಿ ತಯಾರಾದ ವರ್ಷ ಹೇಳುತ್ತವೆ. ಇದರ ಫೋಕಸ್ ಅಳತೆ ಲೈಕಾಗಿಂತ ಕೂದಲೆಳೆ ಬೇರೆ, ಎಫ್2ರಲ್ಲಿ ಹತ್ತಿರದ್ದು ಸ್ವಲ್ಪ ತಪ್ಪಬಹುದು. ಎಫ್4ಕ್ಕೆ ಇಳಿಸಿದರೆ ಮುಚ್ಚಿಹೋಗುತ್ತದೆ. ಎರಡನೆಯದು ಕ್ಯಾನನ್ 50 ಎಫ್1.8. ಒಳ್ಳೇ ಲೆನ್ಸ್, ಆದರೆ ಒಳಗಿನ ಗಾಜಿಗೆ ಮಂಜು ಕವಿಯುವುದು ಇದರ ಹಳೇ ರೋಗ. ಮೂರನೆಯದು ಕೊಸಿನಾ ಮಾಡಿದ ಫೋಕ್ಟ್‌ಲ್ಯಾಂಡರ್ ಕಲರ್ ಸ್ಕೋಪಾರ್ 35 ಎಫ್2.5. ಮೂರರಲ್ಲಿ ದುಬಾರಿ, ಬೆಳಕು ತೆಗೆದುಕೊಳ್ಳುವುದೂ ಕಡಿಮೆ. ಆದರೆ ಹೊಸ ಗಾಜು, ಫೋಕಸ್ ಅಳತೆ ಸರಿ, ಒಂದು ಮೀಟರಿಗಿಂತ ಹತ್ತಿರವೂ ಬರುತ್ತದೆ.

ನಾನು ಸೆಕೆಂಡ್ ಹ್ಯಾಂಡ್ 35ನ್ನೇ ಕೊಂಡೆ, ಅದೂ 39ರ ತಿರುಪಿನ ಮೊದಲ ಮಾದರಿಯನ್ನೇ. ಹಿತ್ತಾಳೆ ಉಂಗುರ ಸೇರಿ 30,000ದ ಒಳಗೇ ಮುಗಿಯಿತು. ನಿಮ್ಮ ಹತ್ತಿರ ಎಂ9 ಅಥವಾ ಆಮೇಲಿನ ಪೂರ್ಣ ಅಳತೆಯ ಬಾಡಿ ಇದ್ದರೆ ಉತ್ತರ ಬೇರೆ: ಕಣ್ಣು ಮುಚ್ಚಿಕೊಂಡು ಒಂದು ಒಳ್ಳೇ 50 ತಗೊಳ್ಳಿ, ಜುಪಿಟರ್ ಆದರೂ ಸರಿ.

ಕೊಳ್ಳುವ ಮುಂಚೆ ನಾಲ್ಕು ಮಾತು. ಉಂಗುರ ಕೊಳ್ಳುವಾಗ ನಿಮ್ಮ ಲೆನ್ಸ್ ಅಳತೆಯದ್ದೇ ಕೇಳಿ, ಇಲ್ಲದಿದ್ದರೆ ಕಿಟಕಿಯಲ್ಲಿ ಬೇರೆ ಚೌಕಟ್ಟಿನ ಗೆರೆ ಮೂಡುತ್ತದೆ. ಲೆನ್ಸ್ ಹಿಂದೆ ಟಾರ್ಚ್ ಹಿಡಿದು ನೋಡಿ, ಜೇಡರ ಬಲೆಯಂಥದ್ದು ಕಂಡರೆ ಬೂಷ್ಟು, ವಾಪಸ್ ಕೊಡಿ. ಎಂ8ಕ್ಕೆ ಅತಿಗೆಂಪು ಬೆಳಕು ತಡೆಯುವ ಫಿಲ್ಟರ್ ಬೇಕೇ ಬೇಕು, ಇಲ್ಲದಿದ್ದರೆ ಕಪ್ಪು ಪಾಲಿಸ್ಟರ್ ಬಟ್ಟೆ ನೇರಳೆಯಾಗಿ ಬರುತ್ತದೆ. ಆ ದುಡ್ಡನ್ನೂ ಲೆನ್ಸ್ ಲೆಕ್ಕಕ್ಕೇ ಸೇರಿಸಿ (ಜುಪಿಟರ್‌ಗೆ 40.5ರ ಫಿಲ್ಟರ್, ಕ್ಯಾನನ್‌ಗೆ 40). ನನಗೆ ಬಾಡಿ ಕೊಟ್ಟ ಗೆಳೆಯ ತನ್ನ 39ರ ಫಿಲ್ಟರನ್ನೂ ಜೊತೆಗೇ ಕೊಟ್ಟಿದ್ದ, ಅದೇ ಇದಕ್ಕೆ ಕೂತಿತು. ಇನ್ನು, ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಮೊದಲೇ ವಿಚಾರಿಸಿಕೊಳ್ಳಿ.

ಈ ಎಂ8 ಇನ್ನು ಎಷ್ಟು ದಿನ ಬರುತ್ತೋ ಹೇಳಕ್ಕಾಗಲ್ಲ. ಒಂದು ದಿನ ಆನ್ ಆಗದೇ ಕೂತರೆ ಲೆನ್ಸ್ ಬಿಚ್ಚಿ ಬೇರೆ ಯಾವುದಾದರೂ ಬಾಡಿಗೆ ತಿರುವುತ್ತೇನೆ. ಅಲ್ಲಿವರೆಗೆ ಶೆಡ್ಡುಗಳಲ್ಲಿ ಒಲೆ ಉರಿಯುತ್ತಿರುವಷ್ಟು ದಿನ ಹೋಗಿ ತೆಗೆಯೋದು, ಅಷ್ಟೇ.