ಶಾಲೆಗೂ ಒಂದು ಅಂಕಪಟ್ಟಿ

ಅಮೆರಿಕದಲ್ಲಿ ಮಕ್ಕಳಿಗಷ್ಟೇ ಅಲ್ಲ, ಶಾಲೆಗೂ ವರ್ಷಕ್ಕೊಂದು ಅಂಕಪಟ್ಟಿ ಉಂಟು. ಯಾವುದಾದರೂ ಸರ್ಕಾರಿ ಪ್ರಾಥಮಿಕ ಶಾಲೆಯ ಪಟ್ಟಿಯನ್ನು ತೆರೆದರೆ, ಓದು ಮತ್ತು ಗಣಿತದಲ್ಲಿ ಶೇಕಡ ಎಷ್ಟು ಮಕ್ಕಳು ನಿಗದಿತ ಮಟ್ಟ ಮುಟ್ಟಿದ್ದಾರೆ ಎಂಬುದು ಮೊದಲು ಕಾಣುತ್ತದೆ. ಅದರ ಪಕ್ಕದಲ್ಲೇ ಬಿಳಿಯರೆಷ್ಟು, ಕಪ್ಪುವರ್ಣೀಯರೆಷ್ಟು, ಬಡವರೆಷ್ಟು, ಇಂಗ್ಲಿಷನ್ನು ಹೊಸದಾಗಿ ಕಲಿಯುತ್ತಿರುವವರೆಷ್ಟು ಎಂಬ ಲೆಕ್ಕವೂ ಇರುತ್ತದೆ. ಮಕ್ಕಳ ಬಣ್ಣವನ್ನು ಶಾಲೆ ಎಣಿಸುವುದೇಕೆ ಎಂದು ಹೊರಗಿನವರಿಗೆ ಅಚ್ಚರಿಯಾದೀತು. ಎಣಿಸದೆ ಇದ್ದ ಕಾಲದಲ್ಲಿ ಏನೆಲ್ಲ ಮುಚ್ಚಿಹೋಗಿತ್ತು ಎಂಬುದನ್ನು ತಿಳಿದರೆ ಆ ಅಚ್ಚರಿ ಕಡಿಮೆಯಾಗುತ್ತದೆ.

ಕಾನ್ಸಾಸ್ ರಾಜ್ಯದ ಟೊಪೀಕಾ ಪಟ್ಟಣದ ಬಾಲಕಿ ಲಿಂಡಾ ಬ್ರೌನ್ ಮನೆಯ ಹತ್ತಿರವೇ ಸಮ್ನರ್ ಪ್ರಾಥಮಿಕ ಶಾಲೆ ಇತ್ತು. ಅದು ಬಿಳಿಯರಿಗೆ ಮೀಸಲು. ಹೀಗಾಗಿ ಆಕೆ ಬಸ್ಸು ಹಿಡಿದು ದೂರದ ಮನ್ರೋ ಶಾಲೆಗೆ ಹೋಗಬೇಕಾಗಿತ್ತು. ಆಕೆಯ ತಂದೆ ಮತ್ತು ಇತರ ಪೋಷಕರು 1951ರಲ್ಲಿ ಹೂಡಿದ ದಾವೆಯೇ 1954ರ ಮೇ 17ರ ಪ್ರಸಿದ್ಧ ಬ್ರೌನ್ ತೀರ್ಪಿಗೆ ದಾರಿಯಾಯಿತು. ಈ ಮೊಕದ್ದಮೆಯ ಒಂದು ಸಂಗತಿಯನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಕಟ್ಟಡ, ಪಠ್ಯಕ್ರಮ, ಶಿಕ್ಷಕರ ಅರ್ಹತೆ ಇವುಗಳಲ್ಲಿ ಟೊಪೀಕಾದ ಎರಡು ಬಗೆಯ ಶಾಲೆಗಳೂ ಹೆಚ್ಚುಕಡಿಮೆ ಸಮವಾಗಿವೆ ಎಂದು ಕೆಳ ನ್ಯಾಯಾಲಯವೇ ಹೇಳಿತ್ತು. ಎಲ್ಲ ಸಮವಾಗಿದ್ದರೂ ಬೇರೆ ಕೂರಿಸುವುದೇ ಅಸಮಾನತೆ ಎಂದಿತು ಸುಪ್ರೀಂ ಕೋರ್ಟು. ಗೋಡೆ, ಹಲಗೆಗಳಿಗಿಂತ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬ ಪ್ರಶ್ನೆ ಹಾಗೆ ಮುನ್ನೆಲೆಗೆ ಬಂತು.

ತೀರ್ಪು ಬಂದು ಹತ್ತು ವರ್ಷವಾದರೂ ಬೆಂಚುಗಳು ಬೇರೆಯಾಗಿಯೇ ಉಳಿದಿದ್ದವು. 1964ರ ನಾಗರಿಕ ಹಕ್ಕುಗಳ ಕಾಯಿದೆಯು ಶಿಕ್ಷಣದ ಅವಕಾಶಗಳ ಬಗ್ಗೆ ದೇಶವ್ಯಾಪಿ ಸಮೀಕ್ಷೆ ನಡೆಸಬೇಕೆಂದು ವಿಧಿಸಿತು. ಹೊಣೆ ಹೊತ್ತವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್. ಸುಮಾರು 4,000 ಶಾಲೆಗಳು, 6 ಲಕ್ಷದಷ್ಟು ಮಕ್ಕಳು. ಪರೀಕ್ಷೆಯ ಜೊತೆಗೆ ಮನೆಯ ಪರಿಸ್ಥಿತಿಯ ಪ್ರಶ್ನೆಗಳು. 1966ರ ಜುಲೈನಲ್ಲಿ, ಸ್ವಾತಂತ್ರ್ಯ ದಿನದ ರಜೆಯ ಗದ್ದಲದ ನಡುವೆ, ಏಳುನೂರಕ್ಕೂ ಹೆಚ್ಚು ಪುಟಗಳ ವರದಿ ಹೊರಬಂತು. ಸದ್ದು ಮಾಡದಿರಲೆಂದೇ ಆ ದಿನ ಆರಿಸಿಕೊಂಡರು ಎನ್ನುವವರೂ ಇದ್ದಾರೆ.

ಬಿಳಿಯರ ಶಾಲೆಗೆ ಹಣ, ಪುಸ್ತಕ, ಪ್ರಯೋಗಾಲಯ ಎಲ್ಲವೂ ಹೆಚ್ಚು, ಅದೇ ಅಂತರಕ್ಕೆ ಕಾರಣ ಎಂಬ ಉತ್ತರ ಬರುತ್ತದೆಂದು ಎಲ್ಲರ ಎಣಿಕೆ, ಕೋಲ್ಮನ್ನರದೂ ಅದೇ. ಬಂದ ಉತ್ತರ ಬೇರೆ. ಸೌಲಭ್ಯಗಳ ವ್ಯತ್ಯಾಸ ನಿರೀಕ್ಷಿಸಿದಷ್ಟು ದೊಡ್ಡದಾಗಿರಲಿಲ್ಲ. ಕಲಿಕೆಯ ವ್ಯತ್ಯಾಸ ಮಾತ್ರ ದೊಡ್ಡದಿತ್ತು. ಈಶಾನ್ಯದ ಮಹಾನಗರಗಳಲ್ಲಿ ಕಪ್ಪುವರ್ಣೀಯ ಮಕ್ಕಳು ಆರನೆಯ ತರಗತಿಯಲ್ಲಿ ಬಿಳಿಯ ಮಕ್ಕಳಿಗಿಂತ 1.6 ವರ್ಷ ಹಿಂದಿದ್ದರೆ, ಹನ್ನೆರಡನೆಯದರಲ್ಲಿ 3.3 ವರ್ಷ ಹಿಂದಿದ್ದರು. ಅಂಕಗಳನ್ನು ಹೆಚ್ಚು ನಿರ್ಧರಿಸುತ್ತಿದ್ದುದು ಮಗುವಿನ ಮನೆ. ಮನೆಯ ನಂತರ ಶಾಲೆಯಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ಸಹಪಾಠಿಗಳ ಹಿನ್ನೆಲೆ.

‘ಶಾಲೆಯಿಂದ ಏನೂ ಆಗುವುದಿಲ್ಲ’ ಎಂದು ಈ ವರದಿಯನ್ನು ಓದಿಕೊಂಡವರು ಅಂದೂ ಇದ್ದರು, ಇಂದೂ ಇದ್ದಾರೆ. ಅದು ಅವಸರದ ಓದು. ಬಡ ಮನೆಯ ಮಗುವಿಗೆ ಒಳ್ಳೆಯ ಶಿಕ್ಷಕರಿಂದ, ಒಳ್ಳೆಯ ಸಹವಾಸದಿಂದ ಹೆಚ್ಚು ಲಾಭವಾಗುತ್ತದೆ ಎಂಬ ಮಾತೂ ಅದರಲ್ಲೇ ಇದೆ.

ಆದರೆ ಸಹವಾಸವನ್ನು ಬದಲಿಸುವುದು ಸುಲಭವಾಗಿರಲಿಲ್ಲ. ಅಲ್ಲಿ ಮಗು ಸಾಮಾನ್ಯವಾಗಿ ವಾಸದ ವಿಳಾಸಕ್ಕೆ ಗೊತ್ತುಪಡಿಸಿದ ಶಾಲೆಗೇ ಹೋಗುತ್ತದೆ. ಶಾಲೆಯ ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ 1967-68ರಲ್ಲಿ ಬಡ ಎಡ್ಜ್‌ವುಡ್ ಶಾಲಾ ಜಿಲ್ಲೆ ಮಗುವೊಂದಕ್ಕೆ 356 ಡಾಲರ್ ಖರ್ಚು ಮಾಡಿದರೆ, ಅದೇ ಊರಿನ ಸಿರಿವಂತ ಅಲಾಮೋ ಹೈಟ್ಸ್ 594 ಡಾಲರ್ ಖರ್ಚು ಮಾಡುತ್ತಿತ್ತು. ಇದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು 1973ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮರುವರ್ಷ ಡೆಟ್ರಾಯಿಟ್ ಪ್ರಕರಣದಲ್ಲಿ, ನಗರದ ಪ್ರತ್ಯೇಕತೆಯನ್ನು ನೀಗಲು ತಪ್ಪಿಲ್ಲದ ಉಪನಗರಗಳ ಶಾಲೆಗಳನ್ನು ಎಳೆತರುವಂತಿಲ್ಲ ಎಂದಿತು. ಎರಡೂ 5-4ರ ತೀರ್ಪುಗಳು. ಶಾಲಾ ಜಿಲ್ಲೆಯ ಗಡಿ ಗೋಡೆಯಾಗಿಯೇ ಉಳಿಯಿತು.

ಎಣಿಕೆ ಕಡ್ಡಾಯವಾದದ್ದು 2002ರ ಜನವರಿಯಲ್ಲಿ ಅಧ್ಯಕ್ಷ ಬುಷ್ ಸಹಿ ಹಾಕಿದ ‘ಯಾವ ಮಗುವೂ ಹಿಂದುಳಿಯದಿರಲಿ’ ಕಾಯಿದೆಯಿಂದ. ಮೂರರಿಂದ ಎಂಟನೆಯ ತರಗತಿವರೆಗೆ ಪ್ರತಿವರ್ಷ ಪರೀಕ್ಷೆ. ಫಲಿತಾಂಶ ಗುಂಪುವಾರು ಪ್ರಕಟಣೆ. ಶಾಲೆಯ ಸರಾಸರಿ ಚೆನ್ನಾಗಿದ್ದು ಒಳಗೆ ಬಡ ಮಕ್ಕಳು ಸೋಲುತ್ತಿದ್ದರೆ ಇನ್ನು ಮುಚ್ಚಿಡುವಂತಿರಲಿಲ್ಲ. ಇದು ಕಾಯಿದೆಯ ನಿಜವಾದ ಸಾಧನೆ. 2014ರೊಳಗೆ ನೂರಕ್ಕೆ ನೂರು ಮಕ್ಕಳೂ ಮಟ್ಟ ಮುಟ್ಟಬೇಕು ಎಂಬ ಗುರಿ ಮಾತ್ರ ಮೊದಲಿನಿಂದಲೂ ಕೈಗೆಟುಕುವಂಥದ್ದಾಗಿರಲಿಲ್ಲ. 2015ರ ಹೊಸ ಕಾಯಿದೆ ದಂಡನೆಯ ಅಧಿಕಾರವನ್ನು ಬಹುಮಟ್ಟಿಗೆ ರಾಜ್ಯಗಳಿಗೆ ಬಿಟ್ಟಿತು. ಪರೀಕ್ಷೆಯನ್ನೂ ಗುಂಪುವಾರು ಲೆಕ್ಕವನ್ನೂ ಉಳಿಸಿಕೊಂಡಿತು.

ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಇಂಗ್ಲಿಷ್ ಕಲಿಯುವ ಮಕ್ಕಳ ಗುಂಪನ್ನೇ ನೋಡಿ. ಭಾಷೆ ಚೆನ್ನಾಗಿ ಬಂದ ಮಗು ಆ ಗುಂಪಿನಿಂದ ಹೊರಗೆ ಹೋಗುತ್ತದೆ. ಏನೂ ಬಾರದ ಹೊಸ ಮಗು ಒಳಗೆ ಬರುತ್ತದೆ. ಶಿಕ್ಷಕಿ ಎಷ್ಟೇ ಚೆನ್ನಾಗಿ ಕಲಿಸಿದರೂ ಗುಂಪಿನ ಅಂಕ ತಗ್ಗಿನಲ್ಲೇ ಇರುತ್ತದೆ. ಇಂಥ ಸೂಕ್ಷ್ಮಗಳು ಮನೆ ಕೊಳ್ಳುವವರಿಗೆ ಕಾಣುವುದಿಲ್ಲ. ಮನೆ ಮಾರಾಟದ ಜಾಲತಾಣಗಳಲ್ಲಿ ಶಾಲೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕಾಣಿಸುತ್ತದೆ. ಅಂಕ ಹೆಚ್ಚಿದ್ದಲ್ಲಿ ಬೆಲೆಯೂ ಹೆಚ್ಚು. ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೂ ಈ ಲೆಕ್ಕಾಚಾರ ಹೊಸದಲ್ಲ. ಅನ್ಯಾಯವನ್ನು ತೋರಿಸಲೆಂದು ಹುಟ್ಟಿದ ಪಟ್ಟಿ ಹೀಗೆ ಸ್ಥಿತಿವಂತರನ್ನು ಒಂದೆಡೆ ಸೇರಿಸುವ ಕೈಪಿಡಿಯಾಗಿದೆ.

ಬಡವರ ಎಣಿಕೆಯದು ಇನ್ನೊಂದು ಕಥೆ. 1946ರ ಶಾಲಾ ಊಟದ ಕಾಯಿದೆಯಿಂದ ಬೆಳೆದ ವ್ಯವಸ್ಥೆಯಲ್ಲಿ, ಬಡತನದ ರೇಖೆಯ ಶೇ 130ರೊಳಗೆ ಆದಾಯವಿರುವ ಮನೆಯ ಮಗುವಿಗೆ ಉಚಿತ ಊಟ, ಶೇ 185ರೊಳಗಿದ್ದರೆ ರಿಯಾಯಿತಿ. ಈ ಊಟ ಪಡೆಯುವವರ ಸಂಖ್ಯೆಯನ್ನೇ ‘ಬಡ ಮಕ್ಕಳು’ ಎಂದು ಪಟ್ಟಿಯಲ್ಲಿ ಬರೆಯುತ್ತ ಬಂದರು. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದಲ್ಲಿ ಸರ್ಕಾರಿ ಶಾಲೆಯ ಮಕ್ಕಳೆಲ್ಲ ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದ ಊಟವನ್ನು ನೋಡಿ ಬಡವರನ್ನು ಗುರುತಿಸುವ ಪ್ರಶ್ನೆಯೇ ಏಳುವುದಿಲ್ಲ. ಅಮೆರಿಕವೂ 2010ರ ಕಾಯಿದೆಯ ನಂತರ ಬಡತನ ಹೆಚ್ಚಿರುವ ಶಾಲೆಗಳಲ್ಲಿ ಎಲ್ಲರಿಗೂ ಉಚಿತವಾಗಿ ಬಡಿಸಲು ಅವಕಾಶ ಕೊಟ್ಟಿತು. ಅದಕ್ಕೆ ಬೇಕಾದ ಅರ್ಹತೆಯ ಮಿತಿಯನ್ನು 2023ರಲ್ಲಿ ಶೇ 40ರಿಂದ 25ಕ್ಕೆ ಇಳಿಸಿತು. ಮಕ್ಕಳ ಹೊಟ್ಟೆ ತುಂಬಿತು, ಹಳೆಯ ಅಳತೆಗೋಲು ಮುರಿಯಿತು. ಹಲವು ರಾಜ್ಯಗಳು ಈಗ ಆಹಾರ ನೆರವು, ವೈದ್ಯಕೀಯ ನೆರವು ಪಡೆಯುವ ಕುಟುಂಬಗಳ ದಾಖಲೆಯೊಡನೆ ಮಕ್ಕಳ ಹೆಸರನ್ನು ತಾಳೆ ನೋಡಿ ಬಡವರ ಲೆಕ್ಕ ಹಾಕುತ್ತವೆ. ಅದೇ ಶಾಲೆಯ ಹಿಂದಿನ ವರ್ಷಗಳ ಅಂಕಿಗೆ ಈಗಿನದನ್ನು ಹೋಲಿಸಿದರೆ ಲೆಕ್ಕ ಕೂಡುವುದಿಲ್ಲ.